ಕಾಲಷ್ಟೇ ಸಾಕೆಂದ ಗಿರಾಕಿ

ಒದ್ದೆ ಹೊದಿಕೆಯ ಒಂದು ತುದಿ ಅಮ್ಮನ ಕೈಯಲ್ಲಿ, ಇನ್ನೊಂದು ತುದಿ ಮಗಳ ಕೈಯಲ್ಲಿ. ಅಮ್ಮ ಒಂದು ಕಡೆಗೆ ತಿರುಚಿದರೆ ಮಗಳು ಇನ್ನೊಂದು ಕಡೆಗೆ ತಿರುಚಬೇಕು, ಇಬ್ಬರಲ್ಲಿ ಯಾರೂ ಸಡಿಲ ಬಿಡಬಾರದು. ಆ ಮನೆಯ ಹಿತ್ತಲಲ್ಲಿ ದಪ್ಪ ಹೊದಿಕೆಗಳನ್ನು ಹಿಂಡುತ್ತಿದ್ದುದೇ ಹಾಗೆ. ಅರ್ಧ ತಿರುಚುವಷ್ಟರಲ್ಲಿ ಮಗಳ ಹಿಮ್ಮಡಿ ನೆಲ ಬಿಟ್ಟು ಏಳುತ್ತಿತ್ತು.

"ಬಿಡಬೇಡ, ಬಿಡಬೇಡ, ಬಿಗಿಯಾಗಿ ಹಿಡ್ಕೋ."

"ನಾನೆಲ್ಲಿ ಹಿಡ್ಕೊಂಡಿದೀನಮ್ಮ, ಹೊದಿಕೇನೇ ನನ್ನ ಹಿಡ್ಕೊಂಡಿದೆ."

ಇಬ್ಬರೂ ನಗುತ್ತಿರುವಾಗ ಗೇಟು ಧಡಾರೆಂದಿತು.

"ಅಕ್ಕಾ! ಮಾರಿಬಿಡು!"

ಮಗಳು ಬೆಚ್ಚಿ ಕೈಬಿಟ್ಟಳು. ಹೊದಿಕೆ ಸುರುಳಿ ಬಿಚ್ಚಿಕೊಂಡು ಅಮ್ಮನ ಮೊಣಕಾಲಿಗೆ ಪಟೀರನೆ ಬಡಿದು ಮಣ್ಣಿಗೆ ಬಿತ್ತು. ಅಮ್ಮ ಬಿದ್ದ ಹೊದಿಕೆಯನ್ನು ನೋಡಿದಳು, ಗೇಟಿನ ಬಳಿ ಏದುಸಿರು ಬಿಡುತ್ತ ನಿಂತಿದ್ದ ತಮ್ಮನನ್ನು ನೋಡಿದಳು.

"ಏನು ಮಾರ್ಲಿ? ಹೊದಿಕೇನಾ? ಈಗ ಮಣ್ಣು ಬೇರೆ ಮೆತ್ಕೊಂಡಿದೆ, ಯಾರು ತಗೋತಾರೆ?"

"ಷೇರು ಅಕ್ಕ, ಷೇರು! ಬೆಳಿಗ್ಗೆ ಬೆಳಿಗ್ಗೆ ತಮಾಷೆ ಮಾಡಬೇಡ. ನಿನಗೋಸ್ಕರ ಇವತ್ತು ರಜ ಹಾಕಿ ಓಡಿ ಬಂದಿದೀನಿ."

ಅಮ್ಮನ ಈ ತಮ್ಮ ಷೇರು ದಲ್ಲಾಳಿಯೊಬ್ಬನ ಕಚೇರಿಯಲ್ಲಿ ಗುಮಾಸ್ತ. ಮಾತು ಕೇಳಿದರೆ ಮಾತ್ರ ಇಡೀ ಪೇಟೆಯನ್ನು ಮಡಚಿ ಜೇಬಿನಲ್ಲಿಟ್ಟುಕೊಂಡವನ ಹಾಗೆ. ಬೀದಿಯ ಮಕ್ಕಳು ಅವನನ್ನು ಷೇರು ಮಾವ ಎನ್ನುತ್ತಿದ್ದರು. ಅವನಿಗೆ ಅದು ಬಿರುದಿನ ಹಾಗೆ ಕೇಳಿಸುತ್ತಿತ್ತು.

ಅವನು ಮಾರು ಎಂದ ಷೇರುಗಳ ಕತೆ ಹೀಗೆ. ಮಗಳು ಹುಟ್ಟಿದಾಗ ಅವಳ ಮುಂದಿನ ಓದಿಗೆಂದು ಏನಾದರೂ ಕೂಡಿಡಬೇಕೆಂದು ಅಮ್ಮನಿಗೆ ಅನಿಸಿತು. ಅವಳು ಮನೆಯಲ್ಲಿ ಕೂತು ಪರದೆ, ದಿಂಬಿನ ಚೀಲ, ಶಾಲೆಯ ಸಮವಸ್ತ್ರ ಹೊಲಿಯುತ್ತಿದ್ದಳು. ಅದರಲ್ಲಿ ಉಳಿದದ್ದನ್ನು ಎಲ್ಲಿ ಹಾಕಲಿ ಎಂದು ತಮ್ಮನನ್ನು ಕೇಳಿದಳು. "ಯಾವ ಕಂಪನಿ ಬೇಕು ಹೇಳು" ಎಂದ ಅವನು. ಅವಳು ಒಂದು ಗಳಿಗೆಯೂ ಯೋಚಿಸಲಿಲ್ಲ. "ನಾನು ಹೊಲಿಯೋ ಮಷಿನ್ ಕಂಪನಿದು. ನಾನು ಕಾಲಲ್ಲಿ ತುಳಿದು, ಕಿವಿಯಾರೆ ಕೇಳಿ ತಿಳ್ಕೊಂಡಿರೋದು ಅದೊಂದನ್ನೇ." ಅಂದಿನಿಂದ ಕೈಯಲ್ಲಿ ಉಳಿದಾಗಲೆಲ್ಲ ಅದೇ ಕಂಪನಿಯ ಷೇರು.

ಇದರಲ್ಲಿ ಒಂದು ಎಡವಟ್ಟಿತ್ತು. ಅಪ್ಪನ ಅಂಗಡಿಯಲ್ಲಿ ಮಾರುತ್ತಿದ್ದುದೂ ರಿಪೇರಿ ಮಾಡುತ್ತಿದ್ದುದೂ ಅದೇ ಕಂಪನಿಯ ಹೊಲಿಗೆ ಮಷಿನ್ನುಗಳನ್ನು. ಮನೆ ನಡೆಯುತ್ತಿದ್ದುದು ಆ ಮಷಿನ್ನಿನಿಂದ, ಮನೆ ನಡೆದು ಉಳಿದದ್ದು ಹೋಗುತ್ತಿದ್ದುದೂ ಆ ಮಷಿನ್ನಿಗೇ. ಇಡೀ ಸಂಸಾರವನ್ನು ಒಂದೇ ದಾರದಲ್ಲಿ ಹೊಲಿದಂತಾಗಿತ್ತು. ಅಮ್ಮನಿಗೆ ಇದು ತಪ್ಪು ಎಂದು ಅನ್ನಿಸಿಯೇ ಇರಲಿಲ್ಲ, ನೆಂಟಸ್ತಿಕೆ ಎಂದು ಅನ್ನಿಸಿತ್ತು.

ಈಗ ಹಬೆಯಾಡುವ ಟೀ ಲೋಟದ ಮುಂದೆ ಕೂತು ತಮ್ಮ ಫೋನು ತೆಗೆದ. ಮಗಳೂ ಬಂದು ಬೆಂಚಿನ ತುದಿಗೆ ಕೂತಳು. ಅವಳನ್ನು ಮನೆಯಲ್ಲಿ ಎಲ್ಲರೂ ಬಾಬಿನ್ ಎಂದೇ ಕರೆಯುತ್ತಿದ್ದರು. ಮಷಿನ್ನಿನ ಹೊಟ್ಟೆಯೊಳಗೆ ಕೂರುವ ಪುಟ್ಟ ದಾರದ ಉರುಳೆ ಇರುತ್ತದಲ್ಲ, ಅದರ ಹೆಸರು. ಪ್ರಶ್ನೆ ಹುಟ್ಟಿದ ಕೂಡಲೇ ಕೇಳುವ ಮಗು ಅವಳಲ್ಲ. ಒಳಗೇ ಸುತ್ತಿ ಸುತ್ತಿ ಇಟ್ಟುಕೊಂಡು, ಒಂದು ದಿನ ಯಾರೂ ಎಣಿಸಿರದ ಹೊತ್ತಿನಲ್ಲಿ ಹೊರಗೆ ಎಳೆಯುವವಳು. ಒಂದು ಸಲ ಬಸ್ಸಿನ ತುಂಬ ಜನರ ನಡುವೆ, "ಅಮ್ಮ, ಆವತ್ತು ದೊಡ್ಡಮ್ಮ ಕೊಟ್ಟ ಬಟ್ಟೆ ಚೆನ್ನಾಗಿಲ್ಲ ಅಂದ್ಯಲ್ಲ, ಮತ್ತೆ ಅವರ ಹತ್ರ ಚೆನ್ನಾಗಿದೆ ಅಂತ ಯಾಕೆ ಹೇಳಿದೆ?" ಎಂದು ಕೇಳಿದ್ದಳು. ದೊಡ್ಡಮ್ಮ ಮುಂದಿನ ಸೀಟಿನಲ್ಲೇ ಇದ್ದರು. ಅಂದಿನಿಂದ ಮಗಳ ಕೆನ್ನೆ ಉಬ್ಬಿದರೆ ಸಾಕು, ಒಳಗೇನೋ ಸುತ್ತುತ್ತಿದೆ ಎಂದು ಅಮ್ಮನಿಗೆ ಗೊತ್ತಾಗುತ್ತಿತ್ತು.

"ನೋಡಕ್ಕ" ಎಂದ ತಮ್ಮ. "ನಿನ್ನ ಕಂಪನಿ ಮೇಲೆ ನನಗೇನೂ ಸಿಟ್ಟಿಲ್ಲ. ಸಾಲ ಇಲ್ಲ, ಲೆಕ್ಕ ಚೊಕ್ಕ, ವರ್ಷವರ್ಷ ಡಿವಿಡೆಂಡು ತಪ್ಪಲ್ಲ. ಆದರೆ ಸೆಕ್ಟರ್ ಅಂತ ಒಂದಿರತ್ತೆ, ಒಂದೇ ಕಸುಬಿನ ಕಂಪನಿಗಳೆಲ್ಲ ಸೇರಿ. ಈ ಮೇಜಿದೆಯಲ್ಲ, ಇದು ಸೆಕ್ಟರ್ ಅಂತ ಇಟ್ಕೋ. ಮೇಲಿರೋ ಲೋಟಗಳೆಲ್ಲ ಕಂಪನಿಗಳು. ಈ ಸ್ಟೀಲ್ ಲೋಟ ನಿಂದು. ಗಟ್ಟಿ, ಒಪ್ಕೋತೀನಿ. ಆದರೆ ಮೇಜಿನ ಕಾಲನ್ನೇ ಹುಳ ತಿಂದಿದ್ರೆ? ಮನೇಲಿ ಬಟ್ಟೆ ಹೊಲಿಯೋರು ಯಾರಿದಾರೆ ಈಗ? ಅಂಗಿ ಹರಿದ್ರೆ ಹೊಲಿಗೆ ಹಾಕಲ್ಲ, ಫೋನಲ್ಲಿ ಬೆರಳಿಟ್ರೆ ಹೊಸ ಅಂಗಿ ಬಾಗಿಲಿಗೆ ಬರತ್ತೆ. ಹೊಲಿಗೆ ಮಷಿನ್ ಮಾಡೋ ಕಂಪನಿಗಳು ಒಂದೊಂದೇ ಬಾಗಿಲು ಹಾಕ್ತಿವೆ."

"ಹಾಕ್ಲಿ" ಎಂದಳು ಅಮ್ಮ. "ಮೇಜು ಬಿದ್ರೆ ಗಾಜಿನ ಲೋಟ ಒಡೆಯತ್ತೆ. ಸ್ಟೀಲ್ ಲೋಟ ನೆಲದ ಮೇಲೂ ನಿಲ್ಲತ್ತೆ. ಬಾಗಿಲು ಹಾಕಿದವರ ಗಿರಾಕಿಗಳೆಲ್ಲ ನಮ್ಮ ಕಂಪನಿಗೇ ಬರ್ತಾರೆ."

"ನೆಲದ ಮೇಲೆ ನಿಂತಿರೋ ಲೋಟಕ್ಕೆ ಟೀ ಹಾಕೋರು ಯಾರಕ್ಕ?"

ಅಮ್ಮ ಅವನ ಲೋಟಕ್ಕೆ ಇನ್ನಷ್ಟು ಟೀ ಸುರಿದಳು. ಆಮೇಲೆ ನೆನಪಾಯಿತು. "ಅದಿರ್ಲಿ, ಹೋದ ವರ್ಷ ಹಾರೋ ಯಂತ್ರದ ಕಂಪನಿ ಅಂತ ಕುಣೀತಿದ್ಯಲ್ಲ, ಅದು ಏನಾಯ್ತು?"

ತಮ್ಮನ ಮುಖ ಸಪ್ಪಗಾಯಿತು. "ಅದು... ಸೆಕ್ಟರ್ ಚೆನ್ನಾಗಿತ್ತು. ಕಂಪನಿ ಕೈಕೊಡ್ತು."

"ನಂದು ಕಂಪನಿ ಚೆನ್ನಾಗಿದೆ, ಸೆಕ್ಟರ್ ಕೈಕೊಡ್ತಿದೆ. ಅಕ್ಕ ತಮ್ಮ ಇಬ್ಬರದ್ದೂ ಸೇರಿಸಿದ್ರೆ ಒಂದು ಒಳ್ಳೆ ಷೇರು ಆಗ್ತಿತ್ತು ನೋಡು."

ಬಾಬಿನ್ ಕಿಸಕ್ಕನೆ ನಕ್ಕಳು. ಮಾವ ಅವಳ ತಲೆಗೆ ಮೆಲ್ಲಗೆ ಮೊಟಕಿದ. "ನಗು, ನಗು. ನಿನ್ನ ಓದಿನ ದುಡ್ಡು ಕಣೇ ಅದು. ದಿನಾ ಕರಗ್ತಿದೆ. ಇನ್ನೂ ಸ್ವಲ್ಪ ದಿನ ಹೀಗೇ ಬಿಟ್ರೆ ಕಾಲೇಜಿನ ಗೇಟಿನ ತನಕ ಹೋಗಿ ವಾಪಸ್ ಬರೋಕೆ ಸಾಕಾಗತ್ತೆ, ಅಷ್ಟೇ."

ಅದನ್ನು ಅವನು ನಗುತ್ತಲೇ ಹೇಳಿದ. ಆದರೆ ಅಮ್ಮನ ಕೈ ಟೀ ಪಾತ್ರೆಯ ಮೇಲೆ ಹಾಗೇ ನಿಂತಿತು. ದಿನಾ ಕರಗುತ್ತಿರುವುದು ಅವಳಿಗೆ ಗೊತ್ತಿತ್ತು. ಫೋನಿನಲ್ಲಿ ಅವಳೂ ನೋಡುತ್ತಿದ್ದಳು, ಒಲೆಯ ಮೇಲೆ ಇಟ್ಟ ಹಾಲಿನ ಕಡೆ ನೋಡುವ ಹಾಗೆ. ಉಕ್ಕುವುದನ್ನು ಕಾಯುತ್ತ ನಿಂತವಳಿಗೆ ಹಾಲು ಇಂಗುವುದು ಕಾಣುತ್ತಿತ್ತು.

"ಮಾರ್ತೀಯಾ?" ಎಂದ ತಮ್ಮ ಈಗ ಮೆತ್ತಗೆ.

"ಕಂಪನಿ ಗಟ್ಟಿಯಾಗಿದೆ" ಎಂದಳು ಅಮ್ಮ.

"ಅದನ್ನೇ ಎಷ್ಟು ಸಲ ಹೇಳ್ತೀಯ! ಸರಿ, ಒಂದು ಪಂತ. ಇವತ್ತು ಭಾವನ ಅಂಗಡೀಲಿ ಹೋಗಿ ಕೂರೋಣ. ಮಧ್ಯಾಹ್ನ ಮಾರ್ಕೆಟ್ ಮುಚ್ಚೋದ್ರೊಳಗೆ ಒಬ್ಬರು, ಒಬ್ಬರೇ ಒಬ್ಬರು, ಹೊಸ ಮಷಿನ್ ಕೊಂಡ್ರೆ ನಾನು ಬಾಯಿಗೆ ಬೀಗ ಹಾಕ್ತೀನಿ. ಕೊಳ್ಳಲಿಲ್ಲ ಅಂದ್ರೆ ನಾನು ಹೇಳಿದ ಹಾಗೆ ಮಾರಬೇಕು."

"ಪಂತ ಕಟ್ಟಿ ಯಾರಾದ್ರೂ ಮಗಳ ಓದು ತೀರ್ಮಾನ ಮಾಡ್ತಾರೇನೋ?"

"ಮತ್ತೆ ಹೇಗೆ ಮಾಡ್ತೀಯ? ನೀನೇ ಮಾಡಿದ್ದರೆ ನಾನು ಓಡಿ ಬರಬೇಕಿತ್ತಾ?"

ಹೇಗೂ ಅಪ್ಪನ ಊಟದ ಡಬ್ಬಿ ಒಯ್ಯಬೇಕಿತ್ತು. ಮಗಳಿಗೆ ಶಾಲೆಗೆ ರಜ. ಅಮ್ಮ ಮಣ್ಣಾದ ಹೊದಿಕೆಯನ್ನು ಇನ್ನೊಮ್ಮೆ ಜಾಲಿಸಿದಳು, ಈ ಸಲ ತಮ್ಮನಿಗೆ ಒಂದು ತುದಿ ಕೊಟ್ಟು ಹಿಂಡಿಸಿದಳು. ಅವನ ಅಂಗಿಯ ತೋಳೆಲ್ಲ ನೆನೆದಿದ್ದು ನೋಡಿ ಅವಳಿಗೆ ಸ್ವಲ್ಪ ಸಮಾಧಾನವಾಯಿತು.

ಅಪ್ಪನ ಅಂಗಡಿ ಬೀದಿಯ ತಿರುವಿನಲ್ಲಿತ್ತು. ಒಂದೇ ಕೋಣೆ. ಮೂರು ಗೋಡೆಗೂ ಕಪಾಟು, ಕಪಾಟಿನ ತುಂಬ ಸೂಜಿಯ ಪೊಟ್ಟಣ, ಬೆಲ್ಟು, ಎಣ್ಣೆಯ ಪುಟ್ಟ ಡಬ್ಬಿ, ಬಿಚ್ಚಿಟ್ಟ ಚಕ್ರಗಳು. ಮುಂದಿನ ಗಾಜಿನ ಹಿಂದೆ ಒಂದು ಹೊಸ ಮಷಿನ್ನು. ಕಪ್ಪು ಮೈ, ಹೊಂಬಣ್ಣದ ಬಳ್ಳಿಯ ಚಿತ್ರ, ಕೆಳಗೆ ಬಳ್ಳಿಬಳ್ಳಿಯಾಗಿ ಎರಕ ಹೊಯ್ದ ಕಬ್ಬಿಣದ ಕಾಲು, ಅಗಲವಾದ ಪೆಡಲು. ಬಾಬಿನ್ ನಡೆಯಲು ಕಲಿಯುವ ಮೊದಲಿನಿಂದ ಅದು ಅಲ್ಲೇ ಇತ್ತು. ಹೊಸದು ಎಂದು ಕರೆಯುತ್ತಿದ್ದುದು ಅದನ್ನು ಯಾರೂ ಕೊಂಡಿರಲಿಲ್ಲವೆಂಬ ಕಾರಣಕ್ಕೆ.

ಅಪ್ಪನನ್ನು ಬೀದಿಯವರು ಮಷಿನ್ ಡಾಕ್ಟ್ರು ಎನ್ನುತ್ತಿದ್ದರು. ಹೆಂಡತಿ ಒಳಗೆ ಕಾಲಿಟ್ಟದ್ದನ್ನು ಕಂಡು ಅವನು ಸ್ಕ್ರೂಡ್ರೈವರ್ ಕೆಳಗಿಟ್ಟು ಎದ್ದು ನಿಂತ.

"ಬರಬೇಕು, ಬರಬೇಕು ಮಾಲೀಕರು! ಏನು, ಇವತ್ತು ತಪಾಸಣೆಯಾ?"

ಇದು ಅವನ ನಿತ್ಯದ ತಮಾಷೆ. ಅವಳ ಹೆಸರಲ್ಲಿ ಕಂಪನಿಯ ಷೇರಿದೆ, ಅಂದಮೇಲೆ ಅವಳು ಮಾಲೀಕಳು. ಬಂದ ಗಿರಾಕಿಗಳಿಗೆಲ್ಲ ಹೇಳುತ್ತಿದ್ದ: "ನಾನು ಬರೀ ರಿಪೇರಿಯವನಮ್ಮ, ಕಂಪನಿಯ ಮಾಲೀಕರು ಮನೇಲಿ ಅಡುಗೆ ಮಾಡ್ತಿದಾರೆ." ಸಂಜೆ ಮನೆಗೆ ಬಂದು ಕೈಕಾಲು ತೊಳೆಯುತ್ತ ಕೇಳುತ್ತಿದ್ದ: "ನಮ್ಮ ಕಂಪನಿ ಇವತ್ತು ಹೇಗಿದೆ?" ಅವಳು ಹೇಳುತ್ತಿದ್ದಳು: "ಗಟ್ಟಿಯಾಗಿದೆ." ಬೆಲೆ ಎಷ್ಟು ಎಂದು ಅವನು ಕೇಳುತ್ತಿರಲಿಲ್ಲ, ಅವಳು ಹೇಳುತ್ತಿರಲಿಲ್ಲ. ಆ ಒಂದು ಮಾತಿಗೆ ಅವನ ಬೆನ್ನು ನೆಟ್ಟಗಾಗುತ್ತಿತ್ತು.

ಪಂತದ ವಿಷಯ ಅಪ್ಪನಿಗೆ ಯಾರೂ ಹೇಳಲಿಲ್ಲ. ತಮ್ಮ ಸ್ಟೂಲಿನ ಮೇಲೆ ಫೋನು ಹಿಡಿದು ಕೂತ. ಅಮ್ಮ ಬಾಗಿಲಿಗೆ ಎದುರಾಗಿ ಕೂತು ಬೀದಿಯ ಮೇಲೇ ಕಣ್ಣಿಟ್ಟು ಕಾದಳು. ಬಾಬಿನ್ ಇಬ್ಬರ ನಡುವೆ ನೆಲದ ಮೇಲೆ ಕೂತು ಖಾಲಿ ಉರುಳೆಗಳನ್ನು ಜೋಡಿಸಿ ಗೋಪುರ ಕಟ್ಟತೊಡಗಿದಳು.

ಮೊದಲು ಬಂದವರು ಮೂಲೆಮನೆ ಅಜ್ಜಿ. ಅವರ ಹಿಂದೆ ಒಬ್ಬ ಆಳು ಹಳೆಯ ಕೈಮಷಿನ್ನೊಂದನ್ನು ಕೂಸಿನಂತೆ ಎತ್ತಿಕೊಂಡು ಬಂದ.

"ಡಾಕ್ಟ್ರೇ, ಇದು ಕೆಮ್ಮುತ್ತೆ."

ಅಮ್ಮ ಚಂಗನೆ ಎದ್ದಳು. "ಎಷ್ಟು ಹಳೇದು ಅಜ್ಜಿ ಇದು! ಇನ್ನೂ ಎಷ್ಟು ದಿನ ಕೈ ನೋಯಿಸ್ಕೋತೀರ? ಇಲ್ಲಿ ನೋಡಿ, ಈ ಗಾಜಿನ ಹಿಂದೆ ಇದೆಯಲ್ಲ, ಕಾಲಲ್ಲಿ ತುಳಿಯೋದು, ಬೆಣ್ಣೆ ಹಾಗೆ ಓಡತ್ತೆ..."

"ಹೌದಾ?" ಎಂದು ಅಜ್ಜಿ ಕನ್ನಡಕ ಏರಿಸಿ ನೋಡಿದರು. ಅವರ ಮುಖದಲ್ಲಿ ಆಸೆ ಮೂಡಿತು. ತಮ್ಮ ಸ್ಟೂಲಿನ ತುದಿಗೆ ಸರಿದ.

ಅಷ್ಟರಲ್ಲಿ ಹಿಂದಿನಿಂದ ಅಪ್ಪ: "ಅಯ್ಯೋ, ಯಾಕಜ್ಜಿ ಸುಮ್ನೆ ಖರ್ಚು! ಇದರೊಳಗೆ ದಾರದ ತುಂಡು ಸಿಕ್ಕಿದೆ, ಅಷ್ಟೇ. ಒಂದು ತೊಟ್ಟು ಎಣ್ಣೆ. ನೋಡಿ, ನಿಮ್ಮ ಮೊಮ್ಮಗಳ ಮಗಳು ಬಂದರೂ ಇದು ಹೊಲಿಯುತ್ತೆ."

ಚಕ್ರ ತಿರುಗಿಸಿದ. ಕೆಮ್ಮು ನಿಂತು ಗುಬ್ಬಚ್ಚಿಯ ಹಾಗೆ ಚಿಲಿಪಿಲಿ ಎಂದಿತು. ಅಜ್ಜಿ ಅಪ್ಪನ ತಲೆ ನೇವರಿಸಿ, ಮಷಿನ್ನನ್ನು ಎತ್ತಿಸಿಕೊಂಡು ಹೊರಟರು.

ತಮ್ಮ ಬಾಯಿಗೆ ಕರವಸ್ತ್ರ ತುರುಕಿಕೊಂಡು ನಗುತ್ತಿದ್ದ. ಅಮ್ಮನ ಕಿವಿಯ ಬಳಿ ಬಗ್ಗಿ ಪಿಸುಗುಟ್ಟಿದ: "ಅಕ್ಕ, ಬೇರೆ ಶತ್ರು ಯಾಕೆ ಬೇಕು ನಿನ್ನ ಕಂಪನಿಗೆ? ಒಂದು ರಿಪೇರಿ ಅಂದ್ರೆ ಒಂದು ಹೊಸ ಮಷಿನ್ ಮಾರಾಟ ಆಗಲಿಲ್ಲ ಅಂತ. ನಿನ್ನ ಷೇರನ್ನ ಭಾವನೇ ಕೂತು ಬಿಚ್ಚಿ ಬಿಚ್ಚಿ ಎಣ್ಣೆ ಹಾಕ್ತಿದಾರೆ!"

"ಬಾಯಿ ಮುಚ್ಕೊಂಡು ಕೂತ್ಕೋ" ಎಂದಳು ಅಮ್ಮ. ಅವಳಿಗೂ ನಗು ತಡೆಯಲಾಗುತ್ತಿರಲಿಲ್ಲ.

ಆಮೇಲೆ ಒಬ್ಬ ಹೆಂಗಸು ಸೂಜಿ ಕೇಳಿಕೊಂಡು ಬಂದಳು. ಒಬ್ಬ ದರ್ಜಿ ತನ್ನ ಹಳೆಯ ಮಷಿನ್ನು ಯಾರಾದರೂ ಕೊಳ್ಳುತ್ತಾರೆಯೇ ಎಂದು ವಿಚಾರಿಸಿ ಹೋದ. ಇಬ್ಬರ ಹಿಂದೆಯೂ ಅಮ್ಮ ಗಾಜಿನ ತನಕ ನಡೆದು ಬಂದಳು, ಇಬ್ಬರೂ ಆ ಮಷಿನ್ನನ್ನು ಮ್ಯೂಸಿಯಮ್ಮಿನಲ್ಲಿ ನೋಡುವ ಹಾಗೆ ನೋಡಿ ಹೊರಟರು. ಅಪ್ಪ ಡಬ್ಬಿ ಬಿಚ್ಚಿ ಊಟ ಮುಗಿಸಿದ. ತಮ್ಮ ಫೋನಿನಲ್ಲಿ ಗಂಟೆ ತೋರಿಸಿದ. ಮಾರ್ಕೆಟ್ ಮುಚ್ಚುವ ಹೊತ್ತು ಹತ್ತಿರವಾಗಿತ್ತು. ಅವನ ಮುಖದಲ್ಲೀಗ ನಗುವಿರಲಿಲ್ಲ. ಗೆಲ್ಲುವುದು ಅವನಿಗೂ ಅಷ್ಟೇನೂ ಬೇಡವಾಗಿತ್ತೋ ಏನೋ.

ಆಗ ಗಾಜಿನ ಹೊರಗೆ ಒಬ್ಬ ಯುವಕ ನಿಂತ. ಉದ್ದ ಕೂದಲು, ಕಿವಿಗೆ ಓಲೆ, ಕೈಯಲ್ಲಿ ಅಳತೆ ಟೇಪು. ಗಾಜಿಗೆ ಮೂಗು ತಾಗಿಸಿ ನೋಡಿದ, ಬಗ್ಗಿ ನೋಡಿದ, ಒಳಗೆ ಬಂದ.

"ಅದು ಮಾರೋಕಾ, ಇಲ್ಲಾ ಬರೀ ಶೋಗಾ?"

"ಮಾರೋಕೆ!" ಎಂದು ಅಮ್ಮ ಕೂಗಿದ ರಭಸಕ್ಕೆ ಬಾಬಿನ್‌ಳ ಗೋಪುರ ಕುಸಿಯಿತು.

ಅಪ್ಪನ ಕಣ್ಣು ಅರಳಿತು. ಕೈ ಒರೆಸಿಕೊಂಡು ಬಂದು ಮಷಿನ್ನಿನ ಪಕ್ಕ ನಿಂತು, ಮದುವೆಗೆ ಮಗಳನ್ನು ತೋರಿಸುವವನ ಹಾಗೆ ಒಂದೊಂದೇ ಹೇಳತೊಡಗಿದ. ಈ ಹಲ್ಲಿನ ಸಾಲು ನೋಡಿ, ಬಟ್ಟೆ ತಾನೇ ಮುಂದೆ ಹೋಗುತ್ತೆ. ಈ ಚಕ್ರ ಬೆರಳಲ್ಲಿ ತಳ್ಳಿದರೆ ಸಾಕು. ರೇಷ್ಮೆಯಿಂದ ಹಿಡಿದು ಕ್ಯಾನ್ವಾಸಿನ ತನಕ. ಯುವಕ ತಲೆಯಾಡಿಸುತ್ತ ಟೇಪು ಬಿಚ್ಚಿ ಅಳೆಯುತ್ತಿದ್ದ. ಅಳೆಯುತ್ತಿದ್ದುದು ಕೆಳಗಡೆ.

"ತಗೋತೀನಿ" ಎಂದ.

ತಮ್ಮನ ಬಾಯಿ ತೆರೆದೇ ಉಳಿಯಿತು. ಅಮ್ಮ ಅವನ ಕಡೆ ತಿರುಗಿ ಗದ್ದ ಎತ್ತಿದಳು.

"ಏನು ಹೊಲೀತೀರ ಸರ್?" ಎಂದ ಅಪ್ಪ ಸಂತೋಷದಿಂದ.

"ಹೊಲಿಯೋದಾ? ಇಲ್ಲ ಇಲ್ಲ. ಹೊಸದಾಗಿ ಕಾಫಿ ಅಂಗಡಿ ಹಾಕ್ತಿದೀನಿ. ಈ ಕಾಲಿನ ಮೇಲೆ ಒಂದು ಮರದ ಹಲಗೆ ಕೂರಿಸಿದ್ರೆ ಟೇಬಲ್ ಏನು ಚೆನ್ನಾಗಿರತ್ತೆ! ಎಲ್ಲಾ ಕಡೆ ಹುಡುಕಿದೆ, ತುಕ್ಕು ಹಿಡಿದಿದ್ದೇ ಸಿಗತ್ತೆ. ಇದು ಹೊಳೀತಿದೆ. ಮೇಲಿನ ಭಾಗ ಬಿಚ್ಚಿ ಕೊಟ್ಬಿಡಿ."

ಅಪ್ಪ ಚಕ್ರದ ಮೇಲಿಂದ ಕೈ ತೆಗೆದ.

"ತಲೆ... ಬೇಡ್ವಾ?" ಎಂದ ಅಪ್ಪ. ಮಷಿನ್ನಿನ ಮೇಲಿನ ಭಾಗಕ್ಕೆ ಅವನ ಕಸುಬಿನವರು ತಲೆ ಎನ್ನುತ್ತಾರೆ.

"ಕಾಲಷ್ಟೇ ಸಾಕು. ನೀವು ಬೇಜಾರು ಮಾಡ್ಕೋಬೇಡಿ, ಪೂರ್ತಿ ಮಷಿನ್ನಿನ ದುಡ್ಡೇ ಕೊಡ್ತೀನಿ. ತಲೆ ನೀವೇ ಇಟ್ಕೊಳ್ಳಿ."

ತಮ್ಮ ಅಮ್ಮನ ಕಡೆಗೆ ಬಾಗಿದ. "ಅಕ್ಕ, ಇದು ಮಾರಾಟ ಅಂತ ಲೆಕ್ಕಾನಾ?"

"ಪೂರ್ತಿ ದುಡ್ಡು ಕೊಡ್ತಿದಾನಲ್ಲ" ಎಂದಳು ಅಮ್ಮ. ಧ್ವನಿಯಲ್ಲಿ ಗೆದ್ದವಳ ಖುಷಿ ಇರಲಿಲ್ಲ.

ಅಪ್ಪ ಕೂತು ಬಿಚ್ಚತೊಡಗಿದ. ಅವನ ಕೈಗೆ ಮಷಿನ್ ಬಿಚ್ಚುವುದು ಉಗುರು ಕತ್ತರಿಸಿದಷ್ಟು ಸಲೀಸು. ಆದರೂ ಇವತ್ತು ಒಂದು ಸ್ಕ್ರೂ ಕೆಳಗೆ ಬಿತ್ತು, ಬಾಬಿನ್ ಹುಡುಕಿ ಕೊಟ್ಟಳು. ಬೆಲ್ಟು ಕಳಚಿದ. ತಲೆಯನ್ನು ಎರಡೂ ಕೈಯಲ್ಲಿ ಎತ್ತಿ, ಸುತ್ತ ನೋಡಿ, ಎಲ್ಲಿಡಬೇಕೆಂದು ತೋಚದೆ ಸ್ವಲ್ಪ ಹೊತ್ತು ಹಾಗೇ ನಿಂತ. ಕೊನೆಗೆ ಊಟದ ಡಬ್ಬಿಯನ್ನು ಪಕ್ಕಕ್ಕೆ ಸರಿಸಿ ಬೆಂಚಿನ ಮೇಲೆ ಇಟ್ಟ.

ಯುವಕ ಕಾಲನ್ನು ಗಾಡಿಗೆ ಏರಿಸಿಕೊಂಡು ಹೋದ. "ಬಂದು ಕಾಫಿ ಕುಡೀಬೇಕು ನೀವೆಲ್ಲ, ನಿಮ್ಮದೇ ಟೇಬಲ್ಲು!" ಎಂದು ಕೂಗಿ ಹೇಳಿದ. ಒಳ್ಳೆಯ ಹುಡುಗನೇ.

ಅಪ್ಪ ಜೋರಾಗಿ ನಕ್ಕ. "ಕೇಳಿದ್ರಾ ಮಾಲೀಕರೇ? ನಿಮ್ಮ ಕಂಪನಿ ಈಗ ಪೀಠೋಪಕರಣಕ್ಕೂ ಇಳೀತು! ಇನ್ನು ಮೇಲೆ ನಾನು ಮಷಿನ್ ಡಾಕ್ಟ್ರಲ್ಲ, ಕಾಲಿನ ಡಾಕ್ಟ್ರು!" ಹೊಟ್ಟೆ ಹಿಡಿದುಕೊಂಡು ನಕ್ಕ. ನಗುತ್ತಲೇ ಒಂದು ಬಟ್ಟೆ ತೆಗೆದುಕೊಂಡು ಬೆಂಚಿನ ಮೇಲಿನ ತಲೆಯನ್ನು ಒರೆಸತೊಡಗಿದ. ಹೊಂಬಣ್ಣದ ಬಳ್ಳಿ ಮೊದಲೇ ಹೊಳೆಯುತ್ತಿತ್ತು. ಆದರೂ ಒರೆಸಿದ. ನಗು ನಿಂತ ಮೇಲೂ ಅದೇ ಜಾಗವನ್ನೇ ಒರೆಸುತ್ತಿದ್ದ.

ಅಮ್ಮ ಅದನ್ನು ನೋಡಿದಳು. ತಮ್ಮ ಮೆಲ್ಲಗೆ ಅವಳ ಪಕ್ಕ ಬಂದು ನಿಂತ. ಫೋನಿನ ಪರದೆಯ ಮೇಲೆ 'ಮಾರಿ' ಎಂಬ ಕೆಂಪು ಗುಂಡಿ ಸಿದ್ಧವಾಗಿತ್ತು, ಒತ್ತುವುದೊಂದೇ ಬಾಕಿ.

"ಪಂತ ನೀನೇ ಗೆದ್ದೆ ಅಕ್ಕ" ಎಂದ ಪಿಸುಮಾತಿನಲ್ಲಿ. "ನಾನು ಮಾತಾಡಲ್ಲ. ಆದರೆ ನೀನೇ ನೋಡಿದೆಯಲ್ಲ. ಬೆಳಿಗ್ಗೆ ನಾನು ಮೇಜಿನ ಕಾಲು ಹೋಗತ್ತೆ ಅಂದೆ. ನಿನ್ನ ಕಂಪನಿ ಇನ್ನೊಬ್ಬರ ಮೇಜಿಗೆ ಕಾಲು ಕೊಟ್ಬಿಡ್ತು! ಇನ್ನೂ ಹೊತ್ತು ಮೀರಿಲ್ಲ. ಒತ್ತಲಾ?"

ಅಮ್ಮನಿಗೆ ಗೊತ್ತಿತ್ತು, ಅವನು ಹೇಳುವುದು ಸರಿ. ಬೆಳಿಗ್ಗೆಯೇ ಗೊತ್ತಿತ್ತು. ಕಂಪನಿ ಗಟ್ಟಿಯಾಗಿತ್ತು, ಅದೂ ಸುಳ್ಳಲ್ಲ. ಆದರೆ ಗಟ್ಟಿಯಾದದ್ದೆಲ್ಲ ಬೆಳೆಯುವುದಿಲ್ಲ ಎಂಬುದನ್ನು ಮಗಳ ಲಂಗದ ಅಂಚು ವರ್ಷವರ್ಷವೂ ಬಿಚ್ಚಿ ಉದ್ದ ಮಾಡುವವಳಿಗೆ ಬೇರೆ ಯಾರೂ ಹೇಳಿಕೊಡಬೇಕಿರಲಿಲ್ಲ. ಇನ್ನು ಕೆಲವು ವರ್ಷಕ್ಕೆ ಮಗಳು ಕಾಲೇಜಿನ ಬಾಗಿಲಲ್ಲಿ ನಿಲ್ಲುತ್ತಾಳೆ. ಅಮ್ಮನ ಕಣ್ಣು ಕೆಂಪು ಗುಂಡಿಯ ಮೇಲೆ ಒಂದು ಗಳಿಗೆ ನಿಂತಿತು. ಆಮೇಲೆ ಬೆಂಚಿನ ಬಳಿ ಒರೆಸುತ್ತಿದ್ದ ಗಂಡನ ಕಡೆ ಹೋಯಿತು. ಇವತ್ತು ಸಂಜೆ ಅವನು ಕೈಕಾಲು ತೊಳೆಯುತ್ತ ಕೇಳುತ್ತಾನಲ್ಲ, ನಮ್ಮ ಕಂಪನಿ ಹೇಗಿದೆ ಅಂತ, ಆಗ ಏನು ಹೇಳುವುದು? ನಾನೀಗ ಮಾಲೀಕಳಲ್ಲ ಅಂತಲೇ?

"ಬೇಡ" ಎಂದಳು. "ಕಂಪನಿ ಗಟ್ಟಿಯಾಗಿದೆ."

"ಅರ್ಧ ಆದ್ರೂ?"

"ಯೋಚಿಸ್ತೀನಿ."

ತಮ್ಮ ನಿಟ್ಟುಸಿರು ಬಿಟ್ಟು ಫೋನು ಜೇಬಿಗಿಟ್ಟ. ನೆಲದ ಮೇಲೆ ಬಾಬಿನ್ ಮುಖ ಎತ್ತಿ ಅಮ್ಮನನ್ನು ನೋಡಿದಳು, ಅಮ್ಮ ನೋಡುತ್ತಿದ್ದ ಕಡೆ ತಿರುಗಿ ಅಪ್ಪನನ್ನು ನೋಡಿದಳು, ಮತ್ತೆ ಅಮ್ಮನನ್ನು. ಬಾಯಿ ತೆರೆದಳು, ಮುಚ್ಚಿದಳು. ಎರಡೂ ಕೆನ್ನೆ ಉಬ್ಬಿದವು.

ಅಮ್ಮ ತಟ್ಟನೆ ಎದ್ದಳು. "ಏಳು, ಏಳು, ಮನೆಗೆ ಹೋಗೋಣ, ಬಟ್ಟೆ ತೆಗೀಬೇಕು" ಎಂದು ಅವಸರಿಸಿದಳು.

ದಾರಿಯುದ್ದಕ್ಕೂ ಅಮ್ಮ ಬೇರೆ ಬೇರೆ ಮಾತು ಎತ್ತಿದಳು. ಹೊಸ ಚಪ್ಪಲಿ ಬೇಕಾ, ರಜದ ಪಾಠ ಬರೆದೆಯಾ, ನಾಳೆ ತಲೆಗೆ ಎಣ್ಣೆ ಹಚ್ಚಲಾ. ಮಗಳು ಎಲ್ಲದಕ್ಕೂ "ಹೂಂ" ಎಂದಳು. ಕೆನ್ನೆ ಮಾತ್ರ ಇಳಿಯಲಿಲ್ಲ.

ಸಂಜೆ ಅಪ್ಪ ಎಂದಿಗಿಂತ ಬೇಗ ಬಂದ. ಕಂಕುಳಲ್ಲಿ ಮಷಿನ್ನಿನ ತಲೆಯಿತ್ತು. "ಅಂಗಡೀಲಿ ಒಂದೇ ಬಿಟ್ಟು ಬರೋಕೆ ಮನಸ್ಸಾಗ್ಲಿಲ್ಲ" ಎಂದ, ನಗುತ್ತ. ನಡುಮನೆಯ ಕಿಟಕಿಯ ಬಳಿ ಅದನ್ನು ಇಟ್ಟು, ಕೈಕಾಲು ತೊಳೆಯುತ್ತ ಕೇಳಿದ:

"ನಮ್ಮ ಕಂಪನಿ ಇವತ್ತು ಹೇಗಿದೆ?"

"ಗಟ್ಟಿಯಾಗಿದೆ" ಎಂದಳು ಅಮ್ಮ ಹಿತ್ತಲಿನ ಬಾಗಿಲಿನಿಂದ.

"ಇರಲೇಬೇಕು. ಕಾಲು ಹೋದರೂ ತಲೆ ನೆಟ್ಟಗಿದೆ!"

ಒಳಗಿನಿಂದ ಚಕ್ರದ ಸದ್ದು ಕೇಳತೊಡಗಿತು. ಬಟ್ಟೆಯಿಲ್ಲದೆ, ದಾರವಿಲ್ಲದೆ ಅಪ್ಪ ಸುಮ್ಮನೆ ಕೈಯಲ್ಲಿ ತಿರುಗಿಸುತ್ತಿದ್ದ. ಟಕ ಟಕ, ಟಕ ಟಕ.

ಹೊದಿಕೆ ಒಣಗಿ ಬಿಸಿಲಿನ ವಾಸನೆ ಹಿಡಿದಿತ್ತು. ಅಮ್ಮ ತಂತಿಯಿಂದ ಎಳೆದು ಎರಡು ಮೂಲೆ ತಾನು ಹಿಡಿದು, ಇನ್ನೆರಡನ್ನು ಮಗಳಿಗೆ ಕೊಟ್ಟಳು. ಇಬ್ಬರೂ ಹಿಂದೆ ಸರಿದು ಬಿಗಿ ಎಳೆದು ಕೊಡವಿದರು. ಉದ್ದಕ್ಕೆ ಒಂದು ಮಡಿಕೆ. ಮತ್ತೊಂದು. ಇನ್ನು ಮಗಳು ತನ್ನ ತುದಿ ಹಿಡಿದು ನಡೆದು ಬಂದು ಅಮ್ಮನ ಕೈಗೆ ಕೊಡಬೇಕು, ಕೊಟ್ಟು ಓಡಿ ಕೆಳಗಿನ ಮಡಿಕೆ ಎತ್ತಿಕೊಳ್ಳಬೇಕು. ಅದು ಅವಳಿಗೆ ಬಹಳ ಇಷ್ಟವಾದ ಆಟ.

ಮಗಳು ನಡೆದು ಬಂದಳು. ತನ್ನ ಮೂಲೆಗಳನ್ನು ಅಮ್ಮನ ಬೆರಳುಗಳಿಗೆ ಸೇರಿಸಿದಳು. ಆದರೆ ಓಡಲಿಲ್ಲ. ಮೂಲೆಗಳನ್ನು ಬಿಡಲೂ ಇಲ್ಲ. ಅವಳ ಮುಖ ಅಮ್ಮನ ಮುಖಕ್ಕೆ ಎಷ್ಟು ಹತ್ತಿರವಿತ್ತೆಂದರೆ, ಉಬ್ಬಿದ ಕೆನ್ನೆಯ ಮೇಲೆ ಅಂಟಿದ್ದ ಒಂದು ಎಳೆ ದಾರವೂ ಕಾಣುತ್ತಿತ್ತು.

"ಬಿಡು ಬಂಗಾರ" ಎಂದಳು ಅಮ್ಮ.

"ನೀನೇ ತಾನೆ ಬೆಳಿಗ್ಗೆ ಬಿಡಬೇಡ ಅಂದಿದ್ದು."

ಒಳಗೆ ಟಕ ಟಕ, ಟಕ ಟಕ. ಮಗಳು ಬಾಯಿ ತೆರೆದಳು. ಈ ಸಲ ಮುಚ್ಚಲಿಲ್ಲ. ಮೆಲ್ಲಗೆ, ಮೆಲ್ಲಗೆ ಎಂದು ಅಮ್ಮ ಕಣ್ಣಲ್ಲೇ ಬೇಡಿದಳು, ಹುಬ್ಬಿನಿಂದ ನಡುಮನೆಯ ಕಿಟಕಿ ತೋರಿಸಿದಳು. ಮಗಳು ಆ ಕಿಟಕಿಯನ್ನು ಒಮ್ಮೆ ತಿರುಗಿ ನೋಡಿದಳು, ಅಮ್ಮನ ಕಡೆ ತಿರುಗಿದಳು, ಇಡೀ ಹಿತ್ತಲಿಗೆ ಕೇಳುವ ಹಾಗೆ ಕೇಳಿಯೇಬಿಟ್ಟಳು:

"ಅಮ್ಮ, ನೀನು ಷೇರು ಮಾರದೇ ಇರೋದು ಕಂಪನಿ ಗಟ್ಟಿಯಾಗಿದೆ ಅಂತಾನಾ, ಇಲ್ಲಾ ಅಪ್ಪನಿಗೆ ಬೇಜಾರಾಗತ್ತೆ ಅಂತಾನಾ?"